ಊರು ಬದಲಾದರೆ ಶ್ರುತಿಯೂ ಬದಲಾಗುತ್ತದೆಯೇ?

ಸಂಗೀತಗಾರರ ಪಯಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಾದ್ಯವನ್ನು ಹೆಗಲಿಗೇರಿಸಿಕೊಂಡು ಊರೂರು ತಿರುಗುವವರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿದ್ದೇವೆ. ಹೆಚ್ಚಿನವರು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದು ಒಂದೇ ಸಂಗತಿ: ಮನೆಯಲ್ಲಿ ಹೊಂದಿಕೊಂಡು ನುಡಿಯುತ್ತಿದ್ದದ್ದು ಅಲ್ಲಿಗೆ ಹೋದ ಕೂಡಲೇ ಯಾಕೆ ಹಟ ಹಿಡಿಯುತ್ತದೆ? ಬಹಳ ಸಲ ತಪ್ಪು ವಾದ್ಯದ್ದೂ ಅಲ್ಲ, ವಾದಕರದ್ದೂ ಅಲ್ಲ, ಗಾಳಿಯದು.

ಮೊದಲ ಸಲ ವಿಮಾನದಲ್ಲಿ ಪಿಟೀಲು ಒಯ್ಯುತ್ತಿದ್ದೇನೆ. ತಂತಿಗಳನ್ನೆಲ್ಲ ಪೂರ್ತಿ ಸಡಿಲಿಸು ಎಂದು ಒಬ್ಬರು, ಮುಟ್ಟಲೇಬೇಡ ಎಂದು ಇನ್ನೊಬ್ಬರು. ಯಾರ ಮಾತು ಕೇಳಲಿ?
— ಪಿಟೀಲು ವಿದ್ಯಾರ್ಥಿನಿ

ಇಬ್ಬರಲ್ಲಿ ಒಬ್ಬರ ಮಾತನ್ನೇ ಕೇಳಬೇಕೆಂದಿದ್ದರೆ ಎರಡನೆಯವರದನ್ನು ಕೇಳಿ. ಪೂರ್ತಿ ಸಡಿಲಿಸುವುದು ದೊಡ್ಡ ತಪ್ಪು. ಪಿಟೀಲಿನ ಒಡಲೊಳಗೆ ಸೌಂಡ್‌ಪೋಸ್ಟ್ ಎಂಬ ಸಣ್ಣ ಮರದ ಕಡ್ಡಿಯೊಂದು ನಿಂತಿರುತ್ತದೆ. ಅದಕ್ಕೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ತಂತಿಗಳು ಕುದುರೆಯ (ಅವುಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಬ್ರಿಡ್ಜ್) ಮೂಲಕ ಮೇಲಿನ ಹಲಗೆಯನ್ನು ಒತ್ತಿ ಹಿಡಿದಿರುವುದರಿಂದಲೇ ಅದು ನಿಂತಿದೆ. ನಾಲ್ಕೂ ತಂತಿ ಬಿಟ್ಟುಬಿಟ್ಟರೆ ಕುದುರೆ ಬೀಳುತ್ತದೆ, ಪೆಟ್ಟಿಗೆ ಒಮ್ಮೆ ಅಲುಗಿದರೆ ಕಡ್ಡಿಯೂ ಉರುಳುತ್ತದೆ. ಅದನ್ನು ಮತ್ತೆ ನಿಲ್ಲಿಸಲು ವಾದ್ಯ ರಿಪೇರಿ ಬಲ್ಲವರೇ ಬೇಕು. ಕಛೇರಿಯ ದಿನ ಹೊಸ ಊರಿನಲ್ಲಿ ಅವರನ್ನು ಹುಡುಕುವ ಪಾಡು ಬೇಡ.

ತಂತಿಯ ಬಿಗಿತ ಸ್ವರದ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಹಾಗಾಗಿ ಅರ್ಧ ಮನೆ (ಒಂದು ಸ್ವರಸ್ಥಾನದಷ್ಟು) ಇಳಿಸಿದರೆ ಸಾಕು, ಬಿಗಿತ ಸುಮಾರು 11 ಪ್ರತಿಶತ ಕಡಿಮೆಯಾಗುತ್ತದೆ. ಪೂರ್ತಿ ಒಂದು ಮನೆ ಇಳಿಸಿದರೆ ಸುಮಾರು 21 ಪ್ರತಿಶತ. ಅದಕ್ಕಿಂತ ಕೆಳಗೆ ಇಳಿಸಬೇಡಿ. ವಿಮಾನದೊಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ 10ರಿಂದ 20 ಪ್ರತಿಶತ. ಮರದ ವಾದ್ಯಕ್ಕೆ ಹಿತವಾದದ್ದು 40ರಿಂದ 60. ಆ ಒಣಹವೆಯಲ್ಲಿ ಮರ ಕುಗ್ಗುವಾಗ ತಂತಿಗಳು ಸ್ವಲ್ಪ ಸಡಿಲವಿದ್ದರೆ ಹಲಗೆಯ ಮೇಲಿನ ಹೊರೆ ಅಷ್ಟಾದರೂ ಇಳಿದಿರುತ್ತದೆ.

ಕಮಾನಿನ ವಿಷಯ ಬೇರೆ. ಅದರ ಕೂದಲನ್ನು ಪೂರ್ತಿ ಸಡಿಲಿಸಲೇಬೇಕು. ಒಣಹವೆಯಲ್ಲಿ ಕುದುರೆಗೂದಲು ಗಿಡ್ಡವಾಗುತ್ತದೆ. ಬಿಗಿಯಾಗಿಯೇ ಬಿಟ್ಟಿದ್ದರೆ ಕಡ್ಡಿ ಡೊಂಕಾಗಬಹುದು, ತುದಿ ಮುರಿಯಲೂಬಹುದು. ತಂತಿಯ ಬಗ್ಗೆ ಇಷ್ಟೆಲ್ಲ ಚರ್ಚಿಸುವವರು ಕಮಾನನ್ನು ಮರೆತೇಬಿಡುತ್ತಾರೆ.

ಪೆಟ್ಟಿಗೆಯೊಳಗೆ ಕುದುರೆಯ ಎರಡೂ ಬದಿಗೆ ಮೆತ್ತನೆಯ ಬಟ್ಟೆ ಮಡಚಿ ಇಡಿ. ಕುತ್ತಿಗೆಯ ಕೆಳಗೆ ಆಧಾರ ಕೊಡಿ, ಸುರುಳಿಯ ತುದಿಗೆ ಏನೂ ತಾಗದಿರಲಿ. ಮುಚ್ಚಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸಿ. ಒಳಗೆ ಏನಾದರೂ ಸದ್ದು ಮಾಡಿದರೆ ಮತ್ತೆ ತೆರೆದು ಭದ್ರಪಡಿಸಿ. ರಾಳದ ಡಬ್ಬಿ ವಾದ್ಯದ ಪಕ್ಕದಲ್ಲಿ ಸಡಿಲವಾಗಿ ಬಿದ್ದಿರಕೂಡದು.

ದೊಡ್ಡವರ ಪಿಟೀಲಿನ ಪೆಟ್ಟಿಗೆ 80 ಸೆಂಟಿಮೀಟರಿನ ಆಸುಪಾಸು ಇರುತ್ತದೆ. ಕೈಚೀಲಕ್ಕೆ ವಿಮಾನ ಕಂಪನಿಗಳು ಇಟ್ಟಿರುವ ಮಿತಿ ಸಾಮಾನ್ಯವಾಗಿ 55–56 ಸೆಂಟಿಮೀಟರ್. ಅಳತೆಯಲ್ಲಿ ನೀವು ಸೋತಿದ್ದೀರಿ ಎಂದೇ ಹೊರಡಿ. ಟಿಕೆಟ್ ಮಾಡಿಸುವಾಗಲೇ ವಾದ್ಯವನ್ನು ಒಳಗೆ ಒಯ್ಯಬಹುದೆಂಬ ಉತ್ತರವನ್ನು ಬರಹದಲ್ಲಿ ಪಡೆದು, ಅಚ್ಚು ಹಾಕಿಸಿ ಕೈಯಲ್ಲಿಟ್ಟುಕೊಳ್ಳಿ. ಅಮೆರಿಕದ ವಿಮಾನ ಕಂಪನಿಗಳಿಗೆ 2015ರಿಂದ ಒಂದು ನಿಯಮವಿದೆ: ನೀವು ಹತ್ತುವ ಹೊತ್ತಿಗೆ ಮೇಲಿನ ಅರೆಯಲ್ಲಿ ಅಥವಾ ಸೀಟಿನಡಿ ಜಾಗವಿದ್ದರೆ ಪಿಟೀಲಿನಂಥ ಸಣ್ಣ ವಾದ್ಯವನ್ನು ಒಳಗೆ ಬಿಡಲೇಬೇಕು. ‘ಜಾಗವಿದ್ದರೆ’ ಎಂಬ ಮಾತನ್ನು ಗಮನಿಸಿ. ಬೇಗ ಹತ್ತುವುದರಲ್ಲೇ ಲಾಭವಿದೆ.

ತಲುಪಿದ ಮೇಲೆ ಆತುರ ಬೇಡ. ಹೊರಗಿನ ಚಳಿಯಿಂದ ಬೆಚ್ಚನೆಯ ಕೋಣೆಗೆ ಬಂದು ತಕ್ಷಣ ಪೆಟ್ಟಿಗೆ ತೆರೆದರೆ ತಣ್ಣನೆಯ ವಾರ್ನಿಷಿನ ಮೇಲೆ ಹನಿ ಕಟ್ಟುತ್ತದೆ. ಎರಡು ಗಂಟೆ ಮುಚ್ಚಿಯೇ ಇಡಿ. ಆಮೇಲೆ ನಾಲ್ಕೂ ತಂತಿಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ. ಏರಿಸುವಾಗ ತಂತಿಗಳು ಕುದುರೆಯ ತಲೆಯನ್ನು ತಂತಿ ಬಿಗಿಸುವ ಬಿರಡೆಯ ಕಡೆಗೆ ಎಳೆಯುತ್ತವೆ. ಕಮಾನು ಆಡುವ ಜಾಗಕ್ಕೆ ಬೆನ್ನು ಮಾಡಿದ ಕುದುರೆಯ ಮುಖ ಹಲಗೆಗೆ ಲಂಬವಾಗಿದೆಯೇ ಎಂದು ನೋಡುತ್ತಿರಿ. ವಾಲಿದ್ದರೆ ಎರಡೂ ಕೈಯ ಬೆರಳುಗಳಿಂದ ಹಿಡಿದು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ. ಬಿರಡೆ ಜಾರುತ್ತಿದ್ದರೆ ಮರ ಒಣಗಿದೆ ಎಂದರ್ಥ: ಒಳಕ್ಕೆ ಒತ್ತುತ್ತ ತಿರುಗಿಸಿ, ಅಷ್ಟಕ್ಕೂ ನಿಲ್ಲದಿದ್ದರೆ ಸೀಮೆಸುಣ್ಣ ತುಸು ಸವರಿ. ತೇವದ ಊರಿನಲ್ಲಿ ಬಿರಡೆ ಕಚ್ಚಿಕೊಂಡರೆ ಒಣ ಸಾಬೂನಿನ ತುಂಡನ್ನು ತೆಳುವಾಗಿ ಉಜ್ಜಿ.

ಚಳಿಯ ದೇಶದಲ್ಲಿ ಮೃದಂಗದ ಬಲಗಡೆಯ ಶ್ರುತಿ ಏರುತ್ತಲೇ ಹೋಯಿತು. ತಂಪಿಗೆ ಇಳಿಯಬೇಕಿತ್ತಲ್ಲವೇ? ಎಡಗಡೆಗೆ ಹಚ್ಚುವ ರವೆಯ ಮುದ್ದೆಯಂತೂ ಅರ್ಧ ಗಂಟೆಯಲ್ಲಿ ಕಲ್ಲಾಯಿತು.
— ಮೃದಂಗ ವಾದಕರು

ತಂಪಲ್ಲ, ಒಣಹವೆ. ಚರ್ಮ ಉಷ್ಣತೆಗಿಂತ ತೇವಾಂಶಕ್ಕೆ ಹೆಚ್ಚು ಕುಣಿಯುತ್ತದೆ: ನೀರು ಕುಡಿದರೆ ಸಡಿಲ, ಒಣಗಿದರೆ ಬಿಗಿ. ಹೊರಗೆ ಮಂಜು ಬೀಳುತ್ತಿರುವಾಗ ಒಳಗಿನ ಗಾಳಿ ಒಣಗಿರುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ಲೆಕ್ಕ ಹೀಗಿದೆ: 0 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ 4.8 ಗ್ರಾಂ ನೀರಾವಿಯನ್ನು ಹಿಡಿಯುತ್ತದೆ. ಅದೇ ಗಾಳಿಯನ್ನು ಒಳಗೆ ತಂದು 22 ಡಿಗ್ರಿಗೆ ಕಾಯಿಸಿದರೆ ಅದಕ್ಕೆ 19 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ, ಆದರೆ ಅದರಲ್ಲಿರುವುದು ಮೊದಲಿನ 4.8 ಗ್ರಾಂ ಮಾತ್ರ. ಅಂದರೆ ಕೋಣೆಯ ತೇವಾಂಶ 25 ಪ್ರತಿಶತಕ್ಕೆ ಇಳಿಯಿತು. ಹೀಟರ್ ಹಾಕಿದ ಸಭಾಂಗಣಗಳೆಲ್ಲ ಚರ್ಮದ ಪಾಲಿಗೆ ಮರುಭೂಮಿಗಳೇ.

ಏರಿದ ಶ್ರುತಿಯನ್ನು ಇಳಿಸಲು ಮುಚ್ಚಿಗೆಯ (ಚರ್ಮದ ಹೊದಿಕೆಯ) ಅಂಚನ್ನು ಕೆಳಗಿನಿಂದ ಮೇಲಕ್ಕೆ, ಮರದ ತುಂಡನ್ನು ಇಟ್ಟು ಕಲ್ಲಿನಿಂದ ತಟ್ಟುವುದು ನಿಮಗೆ ಗೊತ್ತೇ ಇದೆ. ಒಣಹವೆಯಲ್ಲಿ ಇದನ್ನು ಒಂದೇ ಏಟಿನಲ್ಲಿ ಮಾಡಲು ಹೋಗಬೇಡಿ. 16 ಕಡೆಯೂ ಸಣ್ಣ ಸಣ್ಣ ಏಟು, ಎದುರುಬದುರು ಜಾಗಗಳನ್ನು ಜೋಡಿಯಾಗಿ. ಒಣಗಿದ ಚರ್ಮಕ್ಕೆ ಬಾಗುವ ಗುಣ ಕಡಿಮೆ, ಕರಣೆಯ (ನಡುವಿನ ಕಪ್ಪು ಬೊಟ್ಟಿನ) ಅಂಚಿನಲ್ಲಿ ಸೀಳುತ್ತದೆ. ಕರಣೆಯ ಪುಡಿ ಉದುರತೊಡಗಿದರೆ ಅದು ಮೊದಲ ಎಚ್ಚರಿಕೆ. ಬಲಭಾಗಕ್ಕೆ ನೀರು ಸವರಿ ಶ್ರುತಿ ಇಳಿಸುವ ಆಸೆಗೆ ಮಾತ್ರ ಬೀಳಬೇಡಿ. ಕರಣೆ ಎದ್ದುಬಂದರೆ ಆ ಮುಚ್ಚಿಗೆಯ ಕಥೆ ಮುಗಿದಂತೆ.

ಮಾಡಬೇಕಾದ್ದು ಏಟಿಗಿಂತ ಮೊದಲೇ ಇದೆ. ವಾದ್ಯವನ್ನು ಚೀಲದೊಳಗೆ, ಚೀಲವನ್ನು ದಪ್ಪ ಪ್ಲಾಸ್ಟಿಕ್ ಹೊದಿಕೆಯೊಳಗೆ ಇಡಿ. ಜೊತೆಗೆ ರಂಧ್ರವಿರುವ ಸೋಪುಡಬ್ಬಿಯಲ್ಲಿ ಹಿಂಡಿದ ಸ್ಪಂಜು ಇರಲಿ, ಅದು ಚರ್ಮಕ್ಕೆ ತಾಗಬಾರದು. ಸಣ್ಣ ಡಿಜಿಟಲ್ ತೇವಮಾಪಕ ಒಳಗಿದ್ದರೆ ಊಹೆ ಮಾಡುವ ಕೆಲಸ ತಪ್ಪುತ್ತದೆ. 45–55ರ ನಡುವೆ ತೋರಿಸಿದರೆ ಸಾಕು. ಹೋಗುವ ಊರು ಒಣಪ್ರದೇಶವೆಂದು ತಿಳಿದಿದ್ದರೆ ಬೇಕಾದ ಶ್ರುತಿಗಿಂತ ಕಾಲು ಮನೆ ಕೆಳಗೆ ಕೂರಿಸಿಕೊಂಡು ಹೊರಡಿ, ಅಲ್ಲಿ ತಾನೇ ಏರಿ ನಿಲ್ಲುತ್ತದೆ. ಬೋಲ್ಟ್ ಹಾಕಿದ ಮೃದಂಗದ ನಾದ ಕೆಲವರಿಗೆ ರುಚಿಸದು, ನಮಗೂ ಚರ್ಮದ ಬಾರು ಬಿಗಿದದ್ದೇ ಹಿತ. ಆದರೆ ಪಯಣಕ್ಕೆ ಬೋಲ್ಟಿನದು ಜಾಣ ಆಯ್ಕೆ. ಒಂದು ಸ್ಪ್ಯಾನರ್ ಇದ್ದರೆ ನಡೆಯುತ್ತದೆ. ಆ ಸ್ಪ್ಯಾನರನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳಬಹುದು.

ರವೆಯನ್ನು ಮನೆಯಲ್ಲಿ ಕಲಸುವುದಕ್ಕಿಂತ ತುಸು ನೀರಾಗಿ ಕಲಸಿ, ಸ್ವಲ್ಪ ದಪ್ಪಗೆ ಹಚ್ಚಿ. ಪಕ್ಕದಲ್ಲಿ ಒದ್ದೆ ಬಟ್ಟೆ ಇರಲಿ. ಒಂದೊಂದು ಕೃತಿ ಮುಗಿದಾಗಲೂ ಬೆರಳ ತುದಿಯಿಂದ ಒಂದು ಹನಿ ಸವರಿದರೆ ಗುಂಕಿ (ಎಡಗಡೆಯ ಜಾರುವ ಮಂದ್ರನಾದ) ಉಳಿಯುತ್ತದೆ. ಕಛೇರಿ ಮುಗಿದ ಮೇಲೆ ಕೆರೆದು, ಒರೆಸಿ, ಒಣಗಿಸಿ. ಮರುದಿನ ಗಡಿ ದಾಟುವುದಿದ್ದರೆ ಇದನ್ನು ಇನ್ನೂ ಶ್ರದ್ಧೆಯಿಂದ ಮಾಡಿ: ವಾದ್ಯಕ್ಕೆ ಅಂಟಿದ ಹಿಟ್ಟು, ಕೂದಲುಳಿದ ಚರ್ಮ, ಹುಳ ಕೊರೆದ ಮರ, ಈ ಮೂರನ್ನು ಕಂಡರೆ ಆಸ್ಟ್ರೇಲಿಯ, ನ್ಯೂಜಿಲೆಂಡಿನಂಥ ದೇಶಗಳ ಜೈವಿಕ ತಪಾಸಣೆಯವರು ಸುಮ್ಮನೆ ಬಿಡುವುದಿಲ್ಲ. ಅಲ್ಲಿ ಚರ್ಮವಾದ್ಯವನ್ನು ತಪ್ಪದೆ ಘೋಷಿಸಿ. ಘೋಷಿಸಿದರೆ ನೋಡಿ ಕಳಿಸುತ್ತಾರೆ, ಮುಚ್ಚಿಟ್ಟರೆ ದಂಡ ಹಾಕುತ್ತಾರೆ.

ಬಯಲು ವೇದಿಕೆ. ಸಂಜೆ ಸರಿಯಿದ್ದ ಕೊಳಲು ಮತ್ತು ಪಿಟೀಲು ರಾತ್ರಿ ಹೊತ್ತಿಗೆ ಬೇರೆ ಬೇರೆ ದಾರಿ ಹಿಡಿದವು. ಯಾರು ಯಾರಿಗೆ ಹೊಂದಿಕೊಳ್ಳಬೇಕು?
— ವೇಣುವಾದಕರು

ಪಿಟೀಲು ಕೊಳಲಿಗೆ. ಇದರಲ್ಲಿ ದಾಕ್ಷಿಣ್ಯದ ಪ್ರಶ್ನೆಯಿಲ್ಲ, ಬಿದಿರಿಗೆ ಬಿರಡೆ ಇಲ್ಲ ಅಷ್ಟೆ.

ಗಾಳಿಯಲ್ಲಿ ಶಬ್ದದ ವೇಗ 0 ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್. ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಕೊಳಲಿನ ಸ್ವರ ಆ ವೇಗವನ್ನೇ ನೆಚ್ಚಿಕೊಂಡಿದೆ. ಲೆಕ್ಕ ಹಾಕಿದರೆ ಡಿಗ್ರಿಗೆ ಸುಮಾರು 3 ಸೆಂಟ್ ಬರುತ್ತದೆ (ಅರ್ಧ ಮನೆಗೆ 100 ಸೆಂಟ್). ಸಂಜೆಯ 30 ಡಿಗ್ರಿ ರಾತ್ರಿ 20ಕ್ಕೆ ಇಳಿದರೆ ಕೊಳಲು 30 ಸೆಂಟ್‌ವರೆಗೆ ಇಳಿಯಬಹುದು. ನಿಮ್ಮ ಉಸಿರು ಒಳಗಿನಿಂದ ಬೆಚ್ಚಗಿಡುವುದರಿಂದ ನುಡಿಸುತ್ತಿರುವಾಗ ಇದು ಸ್ವಲ್ಪ ಕಡಿಮೆ, ತನಿಯ (ಲಯವಾದ್ಯಗಳಷ್ಟೇ ನುಡಿಯುವ ಭಾಗದ) ಹೊತ್ತಿನಲ್ಲಿ ಕೊಳಲು ಕೆಳಗಿಟ್ಟಿರುವಾಗ ಪೂರ್ತಿ. ಅತ್ತ ಪಿಟೀಲಿನ ಉಕ್ಕಿನ ತಂತಿ ಚಳಿಗೆ ಕುಗ್ಗಿ ಬಿಗಿಯುತ್ತದೆ, ಶ್ರುತಿ ಏರುತ್ತದೆ. ಒಂದು ಇಳಿದು ಇನ್ನೊಂದು ಏರುವುದರಿಂದ ನಡುವಿನ ಬಿರುಕು ಇಬ್ಬರ ಲೆಕ್ಕಕ್ಕಿಂತಲೂ ದೊಡ್ಡದಾಗಿ ಕೇಳಿಸುತ್ತದೆ.

ಹತ್ತು ನಿಮಿಷ ನುಡಿಸಿ ಕೊಳಲನ್ನು ಬೆಚ್ಚಗಾಗಿಸಿದ ಮೇಲೆಯೇ ಉಳಿದವರು ಶ್ರುತಿ ಮಾಡಿಕೊಳ್ಳಲಿ, ಎಲೆಕ್ಟ್ರಾನಿಕ್ ತಂಬೂರಿಯನ್ನೂ ಆಗಲೇ ಕೂರಿಸಿ. ತನಿ ಮುಗಿಯುವ ಒಂದೆರಡು ನಿಮಿಷ ಮೊದಲು ರಂಧ್ರಗಳನ್ನೆಲ್ಲ ಮುಚ್ಚಿ ಸದ್ದಿಲ್ಲದೆ ಬಿಸಿಯುಸಿರು ಊದಿ. ಹೀಟರಿನ ಮುಂದೆ, ದೀಪದ ಕೆಳಗೆ ಇಟ್ಟು ಕಾಯಿಸಬೇಡಿ: ಹೊರಮೈ ಒಣಗಿ ಕುಗ್ಗುತ್ತದೆ, ಒಳಮೈ ಉಸಿರಿನ ತೇವಕ್ಕೆ ಹಿಗ್ಗುತ್ತದೆ, ಬಿದಿರು ಉದ್ದಕ್ಕೆ ಸೀಳುತ್ತದೆ. ಎರಡು ತುದಿಗೂ ನೂಲು ಸುತ್ತಿರುವುದು ಅಲಂಕಾರಕ್ಕಲ್ಲ. ಪಯಣಕ್ಕೆ ಮೊದಲು ಆ ಸುತ್ತು ಸಡಿಲವಾಗಿದೆಯೇ ನೋಡಿ.

ಅಜ್ಜಿಯ ಕಾಲದ ವೀಣೆ. ಬೀಟೆ ಮರ, ಅಂಚಿಗೆ ಬಿಳಿ ಪಟ್ಟಿ. ದಂತವೋ ಕೊಂಬೋ ತಿಳಿಯದು. ಜೊತೆಯಲ್ಲಿ ಖಂಜಿರದವರೂ ಬರುತ್ತಿದ್ದಾರೆ. ಕಾಗದಪತ್ರ ಏನು ಬೇಕು?
— ವೈಣಿಕರು

ನಿಮ್ಮ ಮರದ ಚಿಂತೆ ಚಿಕ್ಕದು, ಬಿಳಿ ಪಟ್ಟಿಯ ಚಿಂತೆ ದೊಡ್ಡದು, ಖಂಜಿರದ್ದು ಎಲ್ಲಕ್ಕಿಂತ ದೊಡ್ಡದು.

ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಲಗಾಮು ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್ 1975ರಿಂದ ಜಾರಿಯಲ್ಲಿದೆ. ಬೀಟೆಯ ಕುಲದ ಮರಗಳೆಲ್ಲ, ಬ್ರೆಜಿಲಿನದೊಂದನ್ನು ಬಿಟ್ಟು, 2017ರ ಜನವರಿಯ ಹೊತ್ತಿಗೆ ಅದರ ಎರಡನೇ ಪಟ್ಟಿಗೆ ಬಂದವು. ಸಂಗೀತಗಾರರ ಗೋಳು ಕೇಳಿ 2019ರ ನವೆಂಬರ್ 26ರಿಂದ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಇನ್ನೂ ಕಟ್ಟುನಿಟ್ಟಾದ ಮೊದಲನೇ ಪಟ್ಟಿಯಲ್ಲಿರುವ ಬ್ರೆಜಿಲಿನ ಬೀಟೆಗೆ ಆ ವಿನಾಯಿತಿಯಿಲ್ಲ. ಹಳೆಯ ಗಿಟಾರುಗಳವರು ಅದನ್ನು ನೋಡಿಕೊಳ್ಳಬೇಕು, ವೀಣೆಯವರಿಗೆ ಅದರ ಗೊಡವೆಯಿಲ್ಲ. ಹಲಸಿನ ವೀಣೆಗಂತೂ ಪಟ್ಟಿಯೇ ಇಲ್ಲ.

ದಂತ ಹಾಗಲ್ಲ. ಚಿಕ್ಕ ಚೂರಿದ್ದರೂ ಇಡೀ ವಾದ್ಯವನ್ನು ತಡೆದಿಡಬಹುದು. ನಿಮಗೇ ಗುರುತಿಸಲಾಗದಿದ್ದರೆ ಅಧಿಕಾರಿಗೂ ಅನುಮಾನ ಬಂದೇ ಬರುತ್ತದೆ, ಅನುಮಾನದ ಲಾಭ ನಿಮಗೆ ಸಿಗುವುದಿಲ್ಲ. ಸೈಟಿಸ್‌ನಲ್ಲಿ ವಾದ್ಯಗಳಿಗೆಂದೇ ಒಂದು ಪ್ರಮಾಣಪತ್ರವಿದೆ, 3 ವರ್ಷದವರೆಗೆ ನಡೆಯುತ್ತದೆ, ಹಲವು ಗಡಿ ದಾಟಲು ಅದೊಂದೇ ಸಾಕು. ಆದರೆ ವಸ್ತು ಕಾನೂನಿನ ಪ್ರಕಾರ, ಆ ಜೀವಿ ಪಟ್ಟಿಗೆ ಸೇರುವ ಮೊದಲೇ ಪಡೆದದ್ದು ಎಂದು ತೋರಿಸಬೇಕು. ಅಜ್ಜಿಯ ಬಾಯಿಮಾತು ಸಾಲದು. ನಮ್ಮನ್ನು ಕೇಳಿದರೆ ಅಜ್ಜಿಯ ವೀಣೆ ಮನೆಯಲ್ಲೇ ಇರಲಿ, ಪಯಣಕ್ಕೆ ಪ್ಲಾಸ್ಟಿಕ್ ಪಟ್ಟಿಯ ವೀಣೆ ಒಯ್ಯಿರಿ.

ಖಂಜಿರಕ್ಕೆ ಹಿಂದಿನಿಂದ ಬಳಸುತ್ತಿದ್ದದ್ದು ಉಡದ ಚರ್ಮ. ಉಡ ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ, ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಅದನ್ನು ಗಡಿ ದಾಟಿಸುವ ಮಾತೇ ಬೇಡ. ಮೇಕೆ ಚರ್ಮದ್ದು ಅಥವಾ ಸಿಂಥೆಟಿಕ್ ಹಾಳೆಯದ್ದು ಬರಲಿ. ಸಿಂಥೆಟಿಕ್‌ಗೆ ನೀರು ಚಿಮುಕಿಸಿ ಇಳಿಸುವ ಅಭ್ಯಾಸ ನಡೆಯುವುದಿಲ್ಲ ಎಂಬುದನ್ನು ಮೊದಲೇ ನುಡಿಸಿ ತಿಳಿದುಕೊಳ್ಳಲಿ.

ನೀವು ಕೇಳದ ಒಂದು ಮಾತು: ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಉಷ್ಣತೆ 60 ಡಿಗ್ರಿ ಮುಟ್ಟಬಹುದು. ಜೇನುಮೇಣ ಕರಗುವುದು 62–64ರಲ್ಲಾದರೂ ಮೆದುವಾಗುವುದು ಅದಕ್ಕಿಂತ ಎಷ್ಟೋ ಮೊದಲೇ. ವಿಮಾನದಲ್ಲಿ ಪಾರಾಗಿ ಬಂದ ವೀಣೆ ಕೊನೆಯ ಅರ್ಧ ಗಂಟೆ ಕಾರಿನ ಡಿಕ್ಕಿಯಲ್ಲಿ ಸ್ವರಸ್ಥಾನ ಕಳೆದುಕೊಳ್ಳುತ್ತದೆ. ಊಟಕ್ಕೆ ಇಳಿದರೆ ವೀಣೆಯೂ ಇಳಿಯಲಿ.

ಪಿಯಾನೋ ಜೊತೆ ಹಾಡುವಾಗ ಗಾಂಧಾರ ಪ್ರತಿಸಲ ಕುಟುಕುತ್ತದೆ. ನನ್ನದು ತಪ್ಪೇ, ಪಿಯಾನೋದ್ದೇ?
— ಗಾಯಕಿ

ಇಬ್ಬರದೂ ಸರಿ, ಅದೇ ತೊಂದರೆ. ತಂಬೂರಿಯ ಮಂದ್ರ ಷಡ್ಜದಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ ಆ ತಂತಿಯದೇ ಐದನೇ ಅನುನಾದ (ಮೂಲ ಕಂಪನದ ಐದರಷ್ಟು). ಷಡ್ಜದಿಂದ 386 ಸೆಂಟ್ ದೂರ. ಪಿಯಾನೋ ಸ್ಥಾಯಿಯನ್ನು 12 ಸಮಭಾಗ ಮಾಡಿಕೊಂಡಿದೆ, ಅದರ ಗಾಂಧಾರ 400ರಲ್ಲಿ. 14 ಸೆಂಟ್ ಅಂತರ. ಕಾಕಲಿ ನಿಷಾದದಲ್ಲೂ 12 ಸೆಂಟ್. ಪಂಚಮ, ಮಧ್ಯಮಗಳಲ್ಲಿ 2 ಮಾತ್ರ, ಅದು ಕಿವಿಗೆ ಸಿಗುವುದೇ ಕಷ್ಟ. ಒಂದು ಮನೆ ಶ್ರುತಿಯಲ್ಲಿ (ಷಡ್ಜ ಪಿಯಾನೋದ ‘ಸಿ’ ಆದಾಗ) ತಂಬೂರಿಯೂ ಪಿಯಾನೋವೂ ಒಟ್ಟಿಗೆ ನುಡಿದರೆ ತಂಬೂರಿಯಿಂದ ಹೊಮ್ಮುವ ಗಾಂಧಾರ 654 ಹರ್ಟ್ಸ್‌ನಲ್ಲಿ, ಪಿಯಾನೋದ ತಾರ ಗಾಂಧಾರ 659ರಲ್ಲಿ. ಸೆಕೆಂಡಿಗೆ ಐದು ಅಲೆ ಎದ್ದು ಬಡಿಯುತ್ತವೆ. ನಿಮ್ಮನ್ನು ಕುಟುಕುತ್ತಿರುವುದು ಆ ಬಡಿತ.

ಇದಕ್ಕೆ ಕಿವಿಯನ್ನು ತಿದ್ದಿಕೊಳ್ಳಬೇಡಿ, ಹೊಂದಿಕೆಯನ್ನು ತಿದ್ದಿ. ನೀವು ಗಾಂಧಾರದಲ್ಲಿ ನಿಲ್ಲುವ ಕಡೆ ಪಿಯಾನೋದವರು ಷಡ್ಜ-ಪಂಚಮ ಮಾತ್ರ ಹಿಡಿಯಲಿ, ಗಾಂಧಾರದ ಕೀಲಿ ಬಿಡಲಿ. ಅವರು ಪೂರ್ತಿ ಸ್ವರಮೇಳ ನುಡಿಸುವ ಕಡೆ ನೀವು ಗಾಂಧಾರವನ್ನು ಗಮಕದಲ್ಲಿ ಆಡಿಸಿ, ನಿಲ್ಲಬೇಡಿ. ತಂಬೂರಿಯನ್ನು ಪಲ್ಲವಿಯ ಭಾಗದಲ್ಲಿ ತಗ್ಗಿಸಿ, ಆಲಾಪನೆಯಲ್ಲಿ ಏರಿಸಿ. ಶಂಕರಾಭರಣ, ಕಲ್ಯಾಣಿಗಳಿಗಿಂತ ಗಾಂಧಾರವೇ ಇಲ್ಲದ ಅಥವಾ ಅದು ಆಡುತ್ತಲೇ ಇರುವ ರಾಗ ಆರಿಸಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ. ಹೊರಡುವ ಮೊದಲು ಇನ್ನೊಂದನ್ನು ಕೇಳಿ: ಅಲ್ಲಿನ ಪಿಯಾನೋದ ‘ಎ’ ಸ್ವರ 440 ಹರ್ಟ್ಸ್‌ಗೆ ಕೂತಿದೆಯೋ 442ಕ್ಕೋ? ಯೂರೋಪಿನ ಅನೇಕ ವಾದ್ಯವೃಂದಗಳು 442–443ರಲ್ಲಿ ನುಡಿಸುತ್ತವೆ. 2 ಹರ್ಟ್ಸ್ ಎಂದರೆ 8 ಸೆಂಟ್, ತಂಬೂರಿ ಪೆಟ್ಟಿಗೆಯನ್ನು ಅಷ್ಟು ಏರಿಸಿದರಾಯಿತು. ಪ್ರಾಚೀನ ಬರೋಕ್ ಸಂಗೀತದವರು ಸಿಕ್ಕರೆ ಅವರದು 415, ಬಹುಪಾಲು ಅರ್ಧ ಮನೆ ಕೆಳಗೆ.

ಬೇರೆ ದೇಶದ ಸಂಗೀತ ಕೇಳಲು ಕೂತಾಗ ತಾಳ ಹಾಕಲು ಹೋಗಿ ಪ್ರತಿಸಲ ತಪ್ಪುತ್ತೇನೆ. ಹೇಗೆ ಒಳಹೊಕ್ಕಲಿ?
— ಲಯವಾದ್ಯದ ವಿದ್ಯಾರ್ಥಿ

ಸಮ (ತಾಳದ ಮುಖ್ಯ ಒತ್ತು) ಆವರ್ತದ ಆರಂಭದಲ್ಲೇ ಇರುತ್ತದೆ ಎಂಬ ನಂಬಿಕೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬನ್ನಿ. ಜಾವಾದ ಗಮೆಲಾನ್ ಎಂಬ ಕಂಚಿನ ವಾದ್ಯಗಳ ಮೇಳದಲ್ಲಿ ದೊಡ್ಡ ಗಂಟೆಯ ಏಟು ಬೀಳುವುದು ಆವರ್ತದ ಕೊನೆಯ ಅಕ್ಷರದ ಮೇಲೆ. ಭಾರವೆಲ್ಲ ಅಲ್ಲಿಗೇ ಹರಿಯುತ್ತದೆ. ನೀವು ಅದನ್ನು ‘ಒಂದು’ ಎಂದು ಎಣಿಸಿದರೆ ಇಡೀ ಸಂಗೀತ ಒಂದು ಅಕ್ಷರ ಜಾರಿ ಕೇಳಿಸುತ್ತದೆ. ಎಣಿಸುವುದನ್ನು ಬಿಟ್ಟು ಎರಡು ದೊಡ್ಡ ಏಟುಗಳ ನಡುವಿನ ಉದ್ದವನ್ನು ಮೊದಲು ಮೈಗೆ ತಂದುಕೊಳ್ಳಿ. ಒಳಗಿನ ಸಣ್ಣ ಏಟುಗಳನ್ನು ನಾಲ್ಕನೆಯದೋ ಐದನೆಯದೋ ಆವರ್ತದಲ್ಲಿ ಹುಡುಕಿದರಾಯಿತು.

ಸ್ಪೇನಿನ ಫ್ಲಮೆಂಕೋ ಸಂಗೀತದ ಸೊಲೆಯಾ 12 ಅಕ್ಷರದ ಆವರ್ತ, ಒತ್ತು 3, 6, 8, 10, 12ರ ಮೇಲೆ: ಮೂರು, ಮೂರು, ಎರಡು, ಎರಡು, ಎರಡು. ತಕಿಟ ತಕಿಟ ತಕ ತಕ ತಕ ಎಂದು ಬಾಯಲ್ಲಿ ಹೇಳಿಕೊಳ್ಳಿ, ಆದರೆ ಒತ್ತು ಪ್ರತಿ ಗುಂಪಿನ ಕೊನೆಯ ಅಕ್ಷರದ ಮೇಲೆ ಬೀಳಲಿ. ಮೊದಲ ಅಕ್ಷರವನ್ನು ಕುಟ್ಟುವ ನಮ್ಮ ಚಾಳಿ ಇಲ್ಲಿ ಅಡ್ಡ ಬರುತ್ತದೆ. ಬಾಲ್ಕನ್ ಕುಣಿತಗಳ 7 ಅಕ್ಷರ ಮಿಶ್ರಚಾಪು ಬಲ್ಲವರಿಗೆ ಸಲೀಸು, 3+2+2 ಅಥವಾ 2+2+3. ಪಶ್ಚಿಮ ಆಫ್ರಿಕದ ಹೆಸರುವಾಸಿ ಗಂಟೆಯ ನಡೆ 12 ಮಾತ್ರೆಯಲ್ಲಿ 7 ಏಟು. ಅದಕ್ಕೆ ಚತುರಶ್ರವನ್ನೂ ತಿಶ್ರವನ್ನೂ ಏಕಕಾಲಕ್ಕೆ ಹೊಂದಿಸಬಹುದು. ಅಲ್ಲಿಯ ಸುಖವೇ ಯಾವುದು ‘ನಿಜವಾದ’ ತಾಳ ಎಂದು ತೀರ್ಮಾನಿಸದೆ ಇರುವುದು.

ಸ್ವರದ ಕಡೆಗೂ ಒಂದು ಮಾತು. ಅರಬ್ಬೀ ರಾಸ್ತ್ ಮಕಾಮಿನ (ಮಕಾಮ್ ಎಂದರೆ ನಮ್ಮ ರಾಗದಂಥದ್ದು) ಗಾಂಧಾರ ನಮ್ಮ ಸಾಧಾರಣ ಮತ್ತು ಅಂತರ ಗಾಂಧಾರಗಳ ನಡುವೆ ನಿಲ್ಲುತ್ತದೆ. ಅದೇ ಹೆಸರಿನ ತುರ್ಕಿ ಮಕಾಮಿನಲ್ಲಿ ಅದು ಇನ್ನೂ ಮೇಲೆ, ನಮ್ಮ ಅಂತರದ ಹತ್ತಿರ. ತುರ್ಕಿಯವರ ಲೆಕ್ಕದಲ್ಲಿ ಸ್ಥಾಯಿಗೆ ಕೊಮ್ಮ ಎಂಬ ಸಣ್ಣ ಭಾಗಗಳು 53, ಪೂರ್ಣಸ್ವರಕ್ಕೆ 9. ‘ಅಪಸ್ವರ’ ಎಂದು ಅನ್ನಿಸಿದ ಕ್ಷಣದಲ್ಲಿ ಕಾಯಿರಿ: ಮತ್ತೊಮ್ಮೆ ಅದೇ ಜಾಗದಲ್ಲಿ ಬಂದರೆ ಅದು ಸ್ವರ. ಬಾಲಿಯ ಗಮೆಲಾನ್‌ನಲ್ಲಿ ಜೋಡಿವಾದ್ಯಗಳನ್ನು ಬೇಕೆಂದೇ ಸ್ವಲ್ಪ ಹೆಚ್ಚುಕಡಿಮೆ ಕೂರಿಸುತ್ತಾರೆ, ಆ ಅಲೆಯ ಮಿನುಗಿಗಾಗಿ. ಒಂದೊಂದು ಗಮೆಲಾನ್‌ಗೂ ತನ್ನದೇ ಶ್ರುತಿ. ಅದರ ಜೊತೆ ನುಡಿಸುವ ಯೋಗ ಬಂದರೆ ನೀವೇ ಅದಕ್ಕೆ ಹೊಂದಿಕೊಳ್ಳಬೇಕು, ಕಂಚಿನ ತಟ್ಟೆಗಳಿಗೆ ಬಿರಡೆ ಎಲ್ಲಿಂದ ತರುವುದು? ಆ ವಾದ್ಯಗಳನ್ನು ದಾಟಿ ಹೋಗಕೂಡದು, ಸುತ್ತಿ ಬನ್ನಿ.

ದೀರ್ಘ ಪ್ರಯಾಣದ ಮರುದಿನವೇ ಕಛೇರಿ. ಕಂಠಕ್ಕೆ ಏನು ಮಾಡಲಿ?
— ಗಾಯಕರು

ವಿಮಾನದಲ್ಲಿ ಮಾತಾಡಬೇಡಿ. ಒಣಹವೆಗಿಂತ ಕಂಠಕ್ಕೆ ಹೆಚ್ಚು ಕೇಡು ಮಾಡುವುದು ಎಂಜಿನ್ನಿನ ಸದ್ದಿಗೆ ಎದುರಾಗಿ ಗಂಟೆಗಟ್ಟಲೆ ಹರಟುವುದು. ನೀರನ್ನು ಹೊರಡುವ ದಿನದಿಂದಲೇ ಗುಟುಕು ಗುಟುಕಾಗಿ ಕುಡಿಯುತ್ತಿರಿ, ವೇದಿಕೆ ಹತ್ತುವಾಗ ಕುಡಿದ ನೀರು ಬಾಯಿಯನ್ನಷ್ಟೇ ಒದ್ದೆ ಮಾಡುತ್ತದೆ. ಶೀತದ ಕೆಲವು ಮಾತ್ರೆಗಳು ಗಂಟಲನ್ನು ಒಣಗಿಸುತ್ತವೆ, ಬೇರೆ ಉಪಾಯವಿದೆಯೇ ಎಂದು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಮೊದಲ ದಿನ ಮುಚ್ಚಿದ ಬಾಯಲ್ಲಿ ಹತ್ತು ನಿಮಿಷ ಗುನುಗಿ, ಮಂದ್ರ-ಮಧ್ಯದಲ್ಲೇ ಓಡಾಡಿ, ತಾರಕ್ಕೆ ಹೋಗಬೇಡಿ. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಸರಿಯುತ್ತದೆ, ಪೂರ್ವಕ್ಕೆ ಹೋದಾಗ ಇನ್ನೂ ನಿಧಾನ. ಅಲ್ಲಿಯ ಸಂಜೆ 6 ನಿಮ್ಮ ಕಂಠಕ್ಕೆ ಬೆಳಗಿನ ಜಾವವಾಗಿದ್ದರೆ ಅರ್ಧ ಮನೆ ಇಳಿಸಿ ಹಾಡಿ. ಪಕ್ಕವಾದ್ಯದವರಿಗೆ ಹಿಂದಿನ ದಿನವೇ ತಿಳಿಸಿ, ವೇದಿಕೆಯ ಮೇಲಲ್ಲ.

ಎಲೆಕ್ಟ್ರಾನಿಕ್ ತಂಬೂರಿಯನ್ನು ಬೇರೆ ದೇಶದ ಪ್ಲಗ್ಗಿಗೆ ಹಾಕಬಹುದೇ? ಪವರ್ ಬ್ಯಾಂಕ್ ಒಯ್ಯಲು ಬಿಡುತ್ತಾರೆಯೇ?
— ಅನೇಕರು

ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಪಿನ್ ಬದಲಿಸುವ ಸಾಧನ ಸಾಕು. 230 ಎಂದಷ್ಟೇ ಇದ್ದರೆ 120 ವೋಲ್ಟಿನ ದೇಶದಲ್ಲಿ ಅದು ಸೊರಗುತ್ತದೆ, ಟ್ರಾನ್ಸ್‌ಫಾರ್ಮರ್ ಬೇಕು. ಅಲ್ಲಿ ಕೊಂಡ 120ರದ್ದನ್ನು ಇಲ್ಲಿ ಹಾಕಿದರೆ ಸುಡುತ್ತದೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಬಿಡುತ್ತಾರೆ. 20,000 ಮಿಲಿಆಂಪ್-ಅವರ್‌ನದನ್ನು 3.7 ವೋಲ್ಟಿನಿಂದ ಗುಣಿಸಿ 1000ದಿಂದ ಭಾಗಿಸಿದರೆ 74, ತೊಂದರೆಯಿಲ್ಲ.

ಹೋದಲ್ಲೆಲ್ಲ ಕೇಳಿದ ಸಂಗೀತದ ಬಗ್ಗೆ ಟಿಪ್ಪಣಿ ಬರೆಯುತ್ತೇನೆ, ಧ್ವನಿಮುದ್ರಣವನ್ನೂ ಮಾಡುತ್ತೇನೆ. ಆಮೇಲೆ ಓದಿದರೆ ಎಲ್ಲ ಕಡೆಯೂ ‘ಅದ್ಭುತ’, ‘ಮೈಮರೆತೆ’ ಎಂದೇ ಇದೆ.
— ಯುವ ಗಾಯಕಿ

‘ಅದ್ಭುತ’ ಎಂಬುದು ನಿಮ್ಮ ಸುದ್ದಿ, ಆ ಸಂಗೀತದ ಸುದ್ದಿಯಲ್ಲ. ಗುಣವಾಚಕ ಬರೆಯುವ ಮೊದಲು ಅಳೆಯಬಹುದಾದ್ದನ್ನು ಬರೆಯಿರಿ. ಆಧಾರಸ್ವರ ಯಾವುದು: ಕಿಸೆಯಲ್ಲಿ 440ರ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಇದ್ದರೆ ಕಿವಿಗಿಟ್ಟು ಹೋಲಿಸಬಹುದು. ಕಾಲಪ್ರಮಾಣ ಎಷ್ಟು: 15 ಸೆಕೆಂಡಿನಲ್ಲಿ ಬಿದ್ದ ಏಟುಗಳನ್ನು ನಾಲ್ಕರಿಂದ ಗುಣಿಸಿ, ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ. ಯಾರು ಆರಂಭಿಸಿದರು, ನಿಲ್ಲಿಸುವ ಸನ್ನೆ ಯಾರದು, ಕಣ್ಣಿನದೋ ಕೈಯದೋ? ಕೇಳುಗರು ಎಲ್ಲಿ ಕೂತಿದ್ದರು, ಯಾವಾಗ ಮಾತಾಡಿದರು, ಯಾವಾಗ ಸುಮ್ಮನಾದರು? ಒಂದು ಸೊಲ್ಲನ್ನಾದರೂ ಸರಿಗಮದಲ್ಲಿ ಹಿಡಿಯಿರಿ, ಅದಕ್ಕೆ ಒಗ್ಗದ ಸ್ವರದ ಮೇಲೆ ಬಾಣದ ಗುರುತು ಹಾಕಿ. ಹತ್ತು ಸಾಲು ಸಾಕು, ಆದರೆ ಅದೇ ರಾತ್ರಿ. ನಿದ್ದೆಯ ನಂತರ ಕಿವಿ ಎಲ್ಲವನ್ನೂ ತನಗೆ ಗೊತ್ತಿರುವ ರಾಗಗಳಿಗೆ ಹೊಂದಿಸಿಬಿಡುತ್ತದೆ.

ಧ್ವನಿಮುದ್ರಣಕ್ಕೆ 48 ಕಿಲೊಹರ್ಟ್ಸ್, 24 ಬಿಟ್ ಇಡಿ. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ ಹಿಡಿಯುತ್ತದೆ. ಅತಿ ಜೋರಿನ ಭಾಗ ಮೈನಸ್ 12 ಡೆಸಿಬೆಲ್‌ ದಾಟದಂತೆ ಮಟ್ಟ ಹೊಂದಿಸಿ, ತಾನಾಗಿ ಮಟ್ಟ ಬದಲಿಸುವ ಸೌಲಭ್ಯವನ್ನು ಆಫ್ ಮಾಡಿಬಿಡಿ. ಅದು ಮೆಲುದನಿಯನ್ನು ಎತ್ತಿ, ಜೋರನ್ನು ಅದುಮಿ, ಏರಿಳಿತವನ್ನೇ ಅಳಿಸುತ್ತದೆ. ಮೊದಲ ಅರ್ಧ ನಿಮಿಷ ನಿಮ್ಮ ದನಿಯಲ್ಲೇ ದಿನಾಂಕ, ಸ್ಥಳ, ವಾದ್ಯ ಹೇಳಿ, ಶ್ರುತಿಕವೆಯನ್ನು ಒಮ್ಮೆ ನುಡಿಸಿ. ಹಾಡಿದವರ ಒಪ್ಪಿಗೆಯನ್ನು ಎರಡು ಸಲ ಕೇಳಿ: ಮುದ್ರಿಸುವುದಕ್ಕೆ ಒಮ್ಮೆ, ಬೇರೆಯವರಿಗೆ ಕೇಳಿಸುವುದಕ್ಕೆ ಇನ್ನೊಮ್ಮೆ. ಮೊದಲನೆಯದಕ್ಕೆ ತಲೆಯಾಡಿಸಿದವರು ಎರಡನೆಯದಕ್ಕೆ ಬೇಡ ಎನ್ನುವುದುಂಟು. ಪೂಜೆಯ ಹಾಡು, ಸಾವಿನ ಮನೆಯ ಹಾಡುಗಳಲ್ಲಿ ಇದು ಇನ್ನೂ ಹೆಚ್ಚು.

ವಾದ್ಯದವರು ಶ್ರುತಿ ಮಾಡಿಕೊಳ್ಳುವಾಗಲೇ ಯಂತ್ರ ಚಾಲೂ ಇರಲಿ. ಯಾವ ತಂತಿಯನ್ನು ಮೊದಲು ಮುಟ್ಟಿದರು, ಯಾವುದಕ್ಕೆ ಯಾವುದನ್ನು ಹೋಲಿಸಿದರು ಎಂಬುದು ಅಲ್ಲಿ ಸಿಗುತ್ತದೆ, ಬೇರೆಲ್ಲೂ ಸಿಗುವುದಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಎಡಪುಟದಲ್ಲಷ್ಟೇ ಬರೆದು ಬಲಪುಟವನ್ನು ಖಾಲಿ ಬಿಡಿ. ತಿಂಗಳ ನಂತರ ಮುದ್ರಣವನ್ನು ಮತ್ತೆ ಕೇಳಿ, ನಿಮ್ಮ ಸರಿಗಮ ಎಲ್ಲೆಲ್ಲಿ ತಪ್ಪಿತ್ತು ಎಂಬುದನ್ನು ಬೇರೆ ಶಾಯಿಯಲ್ಲಿ ಅಲ್ಲಿ ಬರೆದುಕೊಳ್ಳಿ.